ಕೆಳಗೆ ಸಹಿ ಯಾರದು? ಮೈಸೂರು ಸೀಮೆಯಲ್ಲಿ ಲಾಬಿ ಮತ್ತು ಪ್ರಚಾರ ನಡೆದುಬಂದ ದಾರಿ

ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಲು ಹೋದವರು ಪಶ್ಚಿಮದ ಗೋಡೆಯ ಮುಂದೆ ಒಂದು ಗಳಿಗೆ ನಿಂತು ಮುಂದೆ ಹೋಗಿಬಿಡುತ್ತಾರೆ. ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಅದು. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೋಲಿಸಿದ ಕಥೆ ಇಡೀ ಗೋಡೆಯ ಮೇಲಿದೆ. ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಬೆರಳು ಬಾಯಿಯ ಹತ್ತಿರ. ಅವನ ಸುತ್ತ ಕೆಂಪು ಕೋಟಿನ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಟಿಪ್ಪು ಮಾತ್ರ ಏನೂ ಆಗಿಲ್ಲವೆಂಬಂತೆ ಹೂವು ಮೂಸುತ್ತಿದ್ದಾನೆ. ಗುಂಡು ಹಾರುವಾಗ ಯಾರಾದರೂ ಹೂವು ಮೂಸುತ್ತಾರಾ? ಮೂಸುವುದಿಲ್ಲ. ಇದು ಸರ್ಕಾರಿ ಪ್ರಚಾರ, ಅದೂ ಬಹಳ ಚೆನ್ನಾಗಿ ಬರೆಸಿದ್ದು.

ಇದೇ ಗೋಡೆಯ ಮುಂದಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಮೂರನೇ ಮೈಸೂರು ಯುದ್ಧದ ಹೊತ್ತಿಗೆ ಚಿತ್ರದ ಮೇಲೆ ಸುಣ್ಣ ಬಳಿಯಲಾಗಿತ್ತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಲ್ಲೇ ಉಳಿದುಕೊಂಡಿದ್ದ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಮಾಡಿಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಅಂದರೆ ಇಂಗ್ಲಿಷರ ಸೋಲಿನ ಚಿತ್ರವನ್ನು ಉಳಿಸಿಕೊಟ್ಟವರು ಇಂಗ್ಲಿಷರೇ. ನನಗನ್ನಿಸುವ ಮಟ್ಟಿಗೆ ಅದರಲ್ಲಿ ದೊಡ್ಡ ಗುಟ್ಟೇನಿಲ್ಲ. ಕೊನೆಗೆ ಗೆದ್ದವನಿಗೆ ಹಳೆಯ ಸೋಲೂ ಒಂದು ಒಡವೆ.

ಗೋಡೆಯ ಮೇಲಿನ ಪ್ರಚಾರ ಎಲ್ಲರ ಕಣ್ಣಿಗೂ ಬೀಳುತ್ತೆ, ಬರೆಸಿದವರು ಯಾರೆಂದೂ ಗೊತ್ತಾಗುತ್ತೆ. ಕಷ್ಟ ಇರುವುದು ಕಾಣದೆ ಓಡಾಡುವ ಪ್ರಭಾವದ್ದು. ಮೈಸೂರು ಸೀಮೆಗೆ ಅದರದ್ದೇ ಆದ ಉದ್ದ ಚರಿತ್ರೆ ಇದೆ.

ಅದನ್ನು ಅಂಚೆಯಿಂದ ಶುರುಮಾಡಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಮೈಸೂರಿನ ಅಂಚೆ ಬರೀ ಕಾಗದ ಸಾಗಿಸುವ ವ್ಯವಸ್ಥೆ ಆಗಿರಲಿಲ್ಲ. ಊರೂರಿನಲ್ಲಿ ಏನು ನಡೆಯುತ್ತಿದೆ, ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಎಂಬ ಸುದ್ದಿಯನ್ನು ಅರಮನೆಗೆ ತಲುಪಿಸುವುದೂ ಅದರ ಕೆಲಸವಾಗಿತ್ತು. ಹೈದರನ ಕಾಲದಲ್ಲಿ ಈ ಇಲಾಖೆ ಶಾಮಯ್ಯನ ಕೈಲಿತ್ತು. ಜನ ಅವನನ್ನು ಕರೆದದ್ದೇ ಅಂಚೆ ಶಾಮಯ್ಯ ಅಂತ. 1783ರಲ್ಲಿ ಟಿಪ್ಪು ಮಂಗಳೂರಿನ ಮುತ್ತಿಗೆಯಲ್ಲಿದ್ದಾಗ ಶ್ರೀರಂಗಪಟ್ಟಣದಲ್ಲಿ ಅವನ ವಿರುದ್ಧ ಒಳಸಂಚು ನಡೆಯಿತು. ಅದರಲ್ಲಿ ಸಿಕ್ಕಿಬಿದ್ದವರಲ್ಲಿ ಶಾಮಯ್ಯನೂ ಒಬ್ಬ. ರಾಜ್ಯದ ಗುಟ್ಟೆಲ್ಲ ಯಾರ ಕೈಯಲ್ಲಿ ಹಾದುಹೋಗುತ್ತಿತ್ತೋ, ಅವನೇ.

ಆ ಸಂಚಿನ ಇನ್ನೊಂದು ತುದಿ ಇದ್ದದ್ದು ತಂಜಾವೂರಿನಲ್ಲಿ. ಲಾಬಿ ಅಂದರೆ ಅಧಿಕಾರದಲ್ಲಿರುವವರನ್ನು ತಮ್ಮ ಕಡೆ ಒಲಿಸಿಕೊಳ್ಳುವ ಓಡಾಟ. ಮೈಸೂರಿನ ಮೊದಲ ದೊಡ್ಡ ಲಾಬಿ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಅಲ್ಲಿಗೇ ಕೈ ತೋರಿಸುತ್ತೇನೆ.

ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ತೀರಿಕೊಂಡರು. ಅವರ ರಾಣಿ ಲಕ್ಷ್ಮಮ್ಮಣ್ಣಿ ಹೈದರನ ಕಾವಲಿನಲ್ಲಿದ್ದುಕೊಂಡೇ ರಾಜ್ಯವನ್ನು ವಾಪಸ್ ಪಡೆಯುವ ಪ್ರಯತ್ನ ನಡೆಸಿದರು. ಕೋಟೆಯ ಹೊರಗೆ ಅವರ ಪರವಾಗಿ ಓಡಾಡಿದವರು ಪ್ರಧಾನರೆಂದು ಹೆಸರಾದ ತಿರುಮಲ ರಾವ್, ನಾರಾಯಣ ರಾವ್ ಸೋದರರು. ಮದರಾಸಿನಲ್ಲಿ ಗವರ್ನರ್‌ಗಳು ಬರುತ್ತಿದ್ದರು, ಹೋಗುತ್ತಿದ್ದರು. ರಾಯರು ಮಾತ್ರ ಬಿಡಲಿಲ್ಲ. ಕೊನೆಗೆ 1782ರ ಅಕ್ಟೋಬರ್‌ನಲ್ಲಿ ತಂಜಾವೂರಿನಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದ (ರೆಸಿಡೆಂಟ್) ಜಾನ್ ಸಲಿವನ್ ಜೊತೆ ಒಂದು ಒಪ್ಪಂದ ಆಯಿತು. ಅಲ್ಲಿ ದುಭಾಷಿಯಾಗಿ ನೆರವಾದವನು ಪಾದ್ರಿ ಶ್ವಾರ್ಟ್ಸ್.

ಆ ಕಾಗದವನ್ನು ಒಂದು ವ್ಯಾಪಾರದ ಕರಾರಿನ ಹಾಗೆ ಓದಬಹುದು. ಕಂಪನಿಯ ಸೈನ್ಯ ಇಷ್ಟು ಗೆದ್ದರೆ ಇಷ್ಟು ವರಹ, ಘಟ್ಟ ಹತ್ತಿದರೆ ಇನ್ನಿಷ್ಟು, ಶ್ರೀರಂಗಪಟ್ಟಣ ಹಿಡಿದರೆ ಇನ್ನೂ ಇಷ್ಟು. ಹೀಗೆ ಕಂತು ಕಂತಾಗಿ ಹಣ. ತಿರುಮಲ ರಾಯರಿಗೆ ವಂಶಪಾರಂಪರ್ಯದ ಪ್ರಧಾನ ಪದವಿ, ಅದರ ಮೇಲೆ ಮರಳಿ ಸಿಕ್ಕ ಸೀಮೆಯ ಆದಾಯದಲ್ಲಿ ನೂರಕ್ಕೆ 10ರಷ್ಟು. ಇವತ್ತು ಕಮಿಷನ್ ಅಂದ ಕೂಡಲೇ ನಮಗೆ ಗುತ್ತಿಗೆದಾರರು ನೆನಪಾಗುತ್ತಾರೆ. ಇಲ್ಲಿ ಒಂದು ರಾಜ್ಯಕ್ಕೇ ಕಮಿಷನ್ ಗೊತ್ತುಮಾಡಿದ್ದರು, ಅದೂ ಬರಹದಲ್ಲಿ.

ಆದರೆ ಲಾಬಿ ಮಾಡಿದವನಿಗೆ ಕೂಲಿ ಸಿಕ್ಕೇ ಸಿಗುತ್ತೆ ಅಂತ ಹೇಳೋಕಾಗಲ್ಲ. ಎರಡು ವರ್ಷ ತುಂಬುವ ಮೊದಲೇ, 1784ರ ಮಾರ್ಚ್‌ನಲ್ಲಿ, ಕಂಪನಿ ಮಂಗಳೂರಿನಲ್ಲಿ ಟಿಪ್ಪುವಿನ ಜೊತೆಗೇ ಸಂಧಿ ಮಾಡಿಕೊಂಡಿತು. ರಾಣಿಯ ಕಾಗದ ಮೂಲೆ ಸೇರಿತು. 1799ರಲ್ಲಿ ಒಡೆಯರಿಗೆ ಸಿಂಹಾಸನ ಮರಳಿ ಬಂತು ನಿಜ. ದಿವಾನರಾದದ್ದು ಮಾತ್ರ ಟಿಪ್ಪುವಿನ ಕೈಕೆಳಗೆ ದುಡಿದಿದ್ದ ಪೂರ್ಣಯ್ಯ. ವರ್ಷಗಟ್ಟಲೆ ಓಡಾಡಿದ ತಿರುಮಲ ರಾಯರಿಗೆ ಆ ಕುರ್ಚಿ ಸಿಗಲಿಲ್ಲ.

ಟಿಪ್ಪುವೂ ಹೊರಗಿನವರ ನೆರವಿಗೆ ಗುಟ್ಟಾಗಿ ಕೈಚಾಚಿದ್ದ. ಅವನ ದೂತರು ಫ್ರೆಂಚರ ಸಹಾಯ ಕೇಳಲು ಮಾರಿಷಸ್‌ಗೆ ಹೋದರು. ಅಲ್ಲಿನ ಗವರ್ನರ್ ಮಲಾರ್ತಿಕ್ 1798ರ ಜನವರಿಯಲ್ಲಿ ಆ ಗುಟ್ಟನ್ನು ಪ್ರಕಟಣೆ ಮಾಡಿ ಊರಿಗೆಲ್ಲ ಸಾರಿಬಿಟ್ಟ! ಬಂದ ಸ್ವಯಂಸೇವಕರು ನೂರರ ಆಸುಪಾಸು. ಅದೇ ಪ್ರಕಟಣೆಯ ಪ್ರತಿ ಜೂನ್ ಹೊತ್ತಿಗೆ ಕಲ್ಕತ್ತಾ ತಲುಪಿತು. ಆರ್ಥರ್‌ನ ಅಣ್ಣ, ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾಗಿದ್ದ ನೆಪ ಕಾಲ ಬುಡಕ್ಕೇ ಬಂದು ಬಿತ್ತು. ಶ್ರೀರಂಗಪಟ್ಟಣದಲ್ಲಿ ಫ್ರೆಂಚರು ತಮ್ಮ ದೇಶದ ಕ್ರಾಂತಿಕಾರರ ಮಾದರಿಯಲ್ಲಿ ಜಾಕೋಬಿನ್ ಕ್ಲಬ್ ಕಟ್ಟಿದ್ದರು, ಟಿಪ್ಪು ಅದರ ಬೆನ್ನಿಗಿದ್ದ ಎಂಬ ಕಥೆಗೆ ಆಧಾರವಾದ ಕಾಗದಗಳನ್ನು ಬೆಳಕಿಗೆ ತಂದವರೂ ಇಂಗ್ಲಿಷರೇ. ಆ ಕಾಗದಗಳು ನಿಜವಾದವೇ ಎಂದು ಅನುಮಾನಪಟ್ಟ ಇತಿಹಾಸಕಾರರಿದ್ದಾರೆ.

1799ರ ಮೇ 4ರಂದು ಟಿಪ್ಪು ಬಿದ್ದ. ಲಂಡನ್ನಿನಲ್ಲಿ ಮರುವರ್ಷವೇ ರಾಬರ್ಟ್ ಕರ್ ಪೋರ್ಟರ್ ಎಂಬ ಯುವಕ ಶ್ರೀರಂಗಪಟ್ಟಣದ ಕೋಟೆ ಹತ್ತುವ ದೃಶ್ಯವನ್ನು ಸುಮಾರು 120 ಅಡಿ ಉದ್ದದ ಪರದೆಯ ಮೇಲೆ ಬರೆದ. ಆರೇ ವಾರದಲ್ಲಿ ಮುಗಿಸಿದ ಅಂತ ಹೇಳುತ್ತಾರೆ. ಅವನು ಕಾವೇರಿಯನ್ನು ಕಣ್ಣಿಂದ ಕಂಡವನೇ ಅಲ್ಲ. ಜನ ದುಡ್ಡು ಕೊಟ್ಟು ನೋಡಿದರು. ಸೈನಿಕರಿಗೆ ಹಂಚಿದ ಪದಕದಲ್ಲಿ ಇಂಗ್ಲೆಂಡಿನ ಸಿಂಹ ಹುಲಿಯನ್ನು ಕೆಡವಿ ನಿಂತಿತ್ತು. ದರಿಯಾ ದೌಲತ್‌ನ ಗೋಡೆಗೆ ಲಂಡನ್ ಕೊಟ್ಟ ಉತ್ತರ ಇದು.

ಇಲ್ಲಿಯವರೆಗಿನ ಕಥೆಯಲ್ಲಿ ಲಾಬಿ ಅಂದರೆ ಸಂಚು, ಪ್ರಚಾರ ಅಂದರೆ ಸುಳ್ಳು ಅನ್ನಿಸಿದರೆ ಆಶ್ಚರ್ಯವಿಲ್ಲ. 19ನೇ ಶತಮಾನದ ಕಥೆ ಕೇಳಿದರೆ ಆ ಅಭಿಪ್ರಾಯ ಸ್ವಲ್ಪ ಅಲುಗಾಡುತ್ತೆ.

ನಗರ ಸೀಮೆಯ (ಬಿದನೂರಿನ ಕಡೆಯ) ರೈತರ ದಂಗೆಯನ್ನು, ಆಡಳಿತ ಕೆಟ್ಟಿದೆ ಎಂಬ ದೂರನ್ನು ಮುಂದಿಟ್ಟು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ಆಮೇಲೆ ಅವನೇ ನೇಮಿಸಿದ ಸಮಿತಿ 1833ರಲ್ಲಿ ವರದಿ ಕೊಟ್ಟಾಗ ಪರಿಸ್ಥಿತಿ ಅಷ್ಟೊಂದು ಕೆಟ್ಟಿರಲಿಲ್ಲ ಎಂದು ತಿಳಿಯಿತು. ಬೆಂಟಿಂಕ್‌ಗೂ ಪಶ್ಚಾತ್ತಾಪವಾಯಿತು. ಏನು ಪ್ರಯೋಜನ? ಒಮ್ಮೆ ಕೈಗೆ ಬಂದ ಅಧಿಕಾರವನ್ನು ಕಚೇರಿ ಸುಲಭಕ್ಕೆ ಬಿಡುತ್ತದೆಯೇ? ಮುಮ್ಮಡಿಯವರು ಅರ್ಜಿಯ ಮೇಲೆ ಅರ್ಜಿ ಬರೆದರು. ಬಂದ ಉತ್ತರವೆಲ್ಲ ಒಂದೇ: ಆಗುವುದಿಲ್ಲ.

1865ರ ಜೂನ್‌ನಲ್ಲಿ, 70 ದಾಟಿದ್ದ ಮಹಾರಾಜರು ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ದತ್ತು ಮಗನಿಗೆ ರಾಜ್ಯ ಇಲ್ಲ ಎಂಬುದು ಕಲ್ಕತ್ತಾದ, ಅಂದರೆ ಅಲ್ಲಿದ್ದ ಬ್ರಿಟಿಷ್ ಇಂಡಿಯಾ ಸರ್ಕಾರದ ನಿಲುವು. ಮಹಾರಾಜರು ಕಣ್ಣು ಮುಚ್ಚಿದ ದಿನವೇ ಮೈಸೂರು ಬ್ರಿಟಿಷ್ ಜಿಲ್ಲೆಗಳ ಪಟ್ಟಿಗೆ ಸೇರಬೇಕಿತ್ತು. ಆಗ ಅರಮನೆ ಕಲ್ಕತ್ತಾವನ್ನು ಬಿಟ್ಟು ಲಂಡನ್ನಿನ ಕಡೆ ತಿರುಗಿತು.

ಅರಮನೆಯ ವೈದ್ಯ ಡಾ. ಕ್ಯಾಂಪ್‌ಬೆಲ್ ಮಹಾರಾಜರ ಪರವಾಗಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ದೊಡ್ಡವರನ್ನು ಕಂಡು ಮಾತಾಡಿದ. ಮದರಾಸು ಸೈನ್ಯದಲ್ಲಿದ್ದ ಮೇಜರ್ ಇವಾನ್ಸ್ ಬೆಲ್ 1865ರಲ್ಲೇ ಮೈಸೂರಿನ ಪರವಾಗಿ ಪುಸ್ತಕ ಬರೆದು ಅಚ್ಚುಹಾಕಿಸಿದ. ಇಂಡಿಯಾದಲ್ಲಿ ಕೆಲಸ ಮಾಡಿ ನಿವೃತ್ತರಾದ ಹಳೆಯ ಅಧಿಕಾರಿಗಳು ಒಬ್ಬೊಬ್ಬರಾಗಿ ಈ ಕಡೆ ಸೇರಿದರು. 1866ರಲ್ಲಿ ಸ್ವಾಧೀನ ಬೇಡವೆಂಬ ಮನವಿ ಪಾರ್ಲಿಮೆಂಟಿಗೆ ಹೋಯಿತು. ಅದನ್ನು ಮಂಡಿಸಿದವನು ತತ್ತ್ವಜ್ಞಾನಿ ಜಾನ್ ಸ್ಟುಅರ್ಟ್ ಮಿಲ್. ಇಲ್ಲೊಂದು ಮಾತು ಹೇಳಲೇಬೇಕು. ಮಿಲ್ ಬರೀ ಪುಸ್ತಕದ ಹುಳು ಅಲ್ಲ. ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಕೂತು ದೇಶಿ ಸಂಸ್ಥಾನಗಳ ಕಾಗದಪತ್ರ ನೋಡಿಕೊಂಡವನು. ಯಾವ ಬಾಗಿಲು ತಟ್ಟಿದರೆ ತೆರೆಯುತ್ತೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

1867ರ ಏಪ್ರಿಲ್ 16ರಂದು ಇಂಡಿಯಾ ಮಂತ್ರಿ ಸ್ಟಾಫರ್ಡ್ ನಾರ್ತ್‌ಕೋಟ್ ಬರೆದ ಆದೇಶ ಕಲ್ಕತ್ತಾದ ನಿಲುವನ್ನು ತಳ್ಳಿಹಾಕಿತು. ದತ್ತು ಮಗನಿಗೇ ಮೈಸೂರು. ಅದೇ ಜುಲೈನಲ್ಲಿ ದಾದಾಭಾಯಿ ನವರೋಜಿ ಲಂಡನ್ನಿನ ಈಸ್ಟ್ ಇಂಡಿಯಾ ಅಸೋಸಿಯೇಷನ್‌ನಲ್ಲಿ ಮೈಸೂರಿನ ಬಗ್ಗೆ ಪ್ರಬಂಧ ಓದಿದರು. ಮುಮ್ಮಡಿಯವರು 1868ರ ಮಾರ್ಚ್‌ನಲ್ಲಿ ತೀರಿಕೊಂಡರು. 1881ರ ಮಾರ್ಚ್ 25ರಂದು ಆಡಳಿತ ಚಾಮರಾಜೇಂದ್ರರ ಕೈಗೆ ಬಂತು.

ಇದು ಲಾಬಿಯೇ. ಅರಮನೆಯ ಏಜೆಂಟ್, ಬೇಕಾದವರ ಕೈಯಲ್ಲಿ ಬರೆಸಿದ ವಾದ, ಪಾರ್ಲಿಮೆಂಟಿನ ಪರಿಚಯ, ಎಲ್ಲವೂ ಇತ್ತು. ಆದರೂ ತಂಜಾವೂರಿನ ಕಾಗದಕ್ಕೂ ಇದಕ್ಕೂ ಅಜಗಜಾಂತರ. ಬೆಲ್ ತನ್ನ ಹೆಸರು ಹಾಕಿಯೇ ಬರೆದ. ಮನವಿಯ ಕೆಳಗೆ ಸಹಿಗಳಿದ್ದವು. ಒಪ್ಪದವನು ಎದ್ದು ನಿಂತು ಜಗಳ ಆಡಬಹುದಿತ್ತು, ಆಡಿದರು ಕೂಡ. ಲಾಬಿಯನ್ನು ಅಳೆಯಲು ನನಗೆ ಗೊತ್ತಿರುವ ಕೋಲು ಇದೊಂದೇ: ಯಾರ ಪರ ಅನ್ನುವುದು ಆಮೇಲಿನ ಮಾತು, ಮೊದಲು ಕೆಳಗೆ ಹೆಸರಿದೆಯಾ ನೋಡಬೇಕು.

ಆಡಳಿತ ಮರಳಿ ಪಡೆದ ಸಂಸ್ಥಾನ ಅದೇ ಕೋಲನ್ನು ತನ್ನ ಪ್ರಜೆಗಳ ಕಡೆಗೆ ತಿರುಗಿಸಿತು ಅನ್ನುವುದು ತಮಾಷೆಯೋ ವಿಷಾದವೋ, ನೀವೇ ಹೇಳಿ. ದಸರಾ ಸಮಯದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರುತ್ತಿತ್ತು, ವಸ್ತುಪ್ರದರ್ಶನ ನಡೆಯುತ್ತಿತ್ತು, ಮಾದರಿ ಸಂಸ್ಥಾನ ಎಂಬ ಹೊಗಳಿಕೆ ಎಲ್ಲೆಡೆ ಹಬ್ಬಿತು. ಆದರೆ ಹೆಸರು ಹಾಕಿ ಟೀಕೆ ಬರೆದವರನ್ನು ಸರ್ಕಾರ ಸಹಿಸಲಿಲ್ಲ. ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಪತ್ರಿಕಾ ಕಾನೂನು ಬಂತು. ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕು. ಮೈಸೂರಿನ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರಂಥ ಪತ್ರಕರ್ತರು ಅದನ್ನು ವಿರೋಧಿಸಿದರು.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಕಾಂಗ್ರೆಸ್ಸಿಗರು ನಿಷೇಧ ಮುರಿದು ಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಅಂತ ಸರ್ಕಾರದ ಲೆಕ್ಕ, 32 ಅಂತ ಚಳವಳಿಗಾರರ ಲೆಕ್ಕ. ಸಾವಿನ ಲೆಕ್ಕವೂ ಪ್ರಚಾರದ ಜಗಳವಾಯಿತು.

ಮೈಸೂರಿನಲ್ಲಿ ರೇಡಿಯೋ ಶುರುವಾದದ್ದು ಮಾತ್ರ ಸರ್ಕಾರದಿಂದಲ್ಲ. ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಯಂತ್ರ ಇಟ್ಟುಕೊಂಡು ಆಕಾಶವಾಣಿ ನಡೆಸಿದರು. ಕೆಲವೇ ವರ್ಷಗಳಲ್ಲಿ ಅದೂ ಸಂಸ್ಥಾನದ ಕೈಗೆ ಹೋಯಿತು.

ಈಗಿನ ಮಂಡ್ಯಕ್ಕೆ ಬರೋಣ. ಟಿಪ್ಪುವಿನ ನೆನಪು ಸರ್ಕಾರಗಳ ಕೈಯಲ್ಲಿ ಹೇಗೆ ಉರುಳಾಡಿತು ಅನ್ನುವುದು ಎಲ್ಲರಿಗೂ ಗೊತ್ತು. 2015ರಲ್ಲಿ ಸಿದ್ದರಾಮಯ್ಯ ಸರ್ಕಾರ ಜಯಂತಿ ಶುರುಮಾಡಿತು, 2019ರಲ್ಲಿ ಯಡಿಯೂರಪ್ಪ ಸರ್ಕಾರ ನಿಲ್ಲಿಸಿತು. ಎರಡೂ ಸರ್ಕಾರಿ ಆದೇಶ, ಎರಡರ ಹಿಂದೆಯೂ ಮತದ ಲೆಕ್ಕ ಇತ್ತು ಅಂದರೆ ತಪ್ಪಾಗಲಾರದು. ಅದಾದ ಮೇಲೆ ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಎಂಬ ಕಥೆ ಎದ್ದಿತು. ಮೈಸೂರಿನ ರಂಗಾಯಣದಲ್ಲಿ 2022ರ ನವೆಂಬರ್‌ನಲ್ಲಿ ಆಡಿದ ನಾಟಕವೊಂದು ಅದಕ್ಕೆ ಬಲ ಕೊಟ್ಟಿತು. 1799ರ ದಾಖಲೆಗಳಲ್ಲಿ ಈ ಹೆಸರುಗಳಿಲ್ಲ ಎಂದು ಇತಿಹಾಸಕಾರರು ಹೇಳಿದರು. ಹೇಳಿದವರ ದನಿಗಿಂತ ಫಾರ್ವರ್ಡ್ ಆದ ಮೆಸೇಜಿನ ದನಿ ಜೋರಾಗಿತ್ತು.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಗೆ ಪ್ರಧಾನಿ ಬಂದರು. ಅದಕ್ಕಾಗಿ ಮಂಡ್ಯದಲ್ಲಿ ನಿಲ್ಲಿಸಿದ ಕಮಾನೊಂದರ ಮೇಲೆ ಈ ಇಬ್ಬರ ಹೆಸರಿತ್ತು. ಗಲಾಟೆಯಾಯಿತು. ಅದನ್ನು ತೆಗೆದು ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಹಾಕಿದರು. ಆಗ ಸಚಿವರಾಗಿದ್ದ ಮುನಿರತ್ನ ಉರಿಗೌಡ, ನಂಜೇಗೌಡರ ಹೆಸರಿನಲ್ಲೇ ಸಿನಿಮಾ ಮಾಡಲು ಹೊರಟಿದ್ದರು. ಒಕ್ಕಲಿಗರ ಮಠವಾದ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಕರೆಸಿ ಮಾತಾಡಿದ ಮೇಲೆ ಕೈಬಿಟ್ಟರು. ಇತಿಹಾಸಕಾರರ ಮಾತಿಗೆ ನಿಲ್ಲದ ಸಿನಿಮಾ ಮಠದ ಒಂದು ಮಾತಿಗೆ ನಿಂತಿತು. ಜಿಲ್ಲೆಯಲ್ಲಿ ನಿಜವಾದ ಪ್ರಭಾವ ಎಲ್ಲಿದೆ ಅಂತ ತೋರಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಕಾ? ಮಂಡ್ಯದ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ 2018ರಲ್ಲಿ ಏಳನ್ನೂ ಜೆಡಿಎಸ್ ಗೆದ್ದಿತ್ತು. ಮುಂದಿನ ಮತದಾನಕ್ಕೆ ಆಗ ಎರಡು ತಿಂಗಳು ಉಳಿದಿತ್ತು.

ಅದಕ್ಕೂ ಮೊದಲು, 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಿಂದ ಸುಮಲತಾ ಅಂಬರೀಶ್ ಜೊತೆಗೆ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ಮತದಾರರನ್ನು ಗಲಿಬಿಲಿ ಮಾಡಲು ಅಲ್ಲ, ಬರೀ ಕಾಕತಾಳೀಯ ಅಂತ ನಂಬಿದವರು ನನಗಂತೂ ಸಿಕ್ಕಿಲ್ಲ.

ಹೆಸರು ಹಾಕಲೇಬೇಕೆಂಬ ನಿಯಮ ನಮ್ಮ ಕಾನೂನಿನಲ್ಲಿ ಇದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಚುನಾವಣೆಯ ಕರಪತ್ರ, ಪೋಸ್ಟರ್ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಚುನಾವಣೆ ಬಂತೆಂದರೆ ಜಿಲ್ಲಾಧಿಕಾರಿಗಳು ಪ್ರಿಂಟಿಂಗ್ ಪ್ರೆಸ್ ಮಾಲೀಕರನ್ನು ಕರೆಸಿ ಇದನ್ನು ಹೇಳುತ್ತಾರೆ, ಪ್ರೆಸ್ಸಿನವರು ಪಾಲಿಸುತ್ತಾರೆ. ಮೊಬೈಲಿನಿಂದ ಮೊಬೈಲಿಗೆ ಹೋಗುವ ಫಾರ್ವರ್ಡ್‌ಗೆ ಮುದ್ರಕನೂ ಇಲ್ಲ, ವಿಳಾಸವೂ ಇಲ್ಲ. ಇನ್ನು 127ಎ ಮುರಿದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸರ್ಕಲ್ಲಿನಲ್ಲಿ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿಸಿದರೂ ಅದಕ್ಕಿಂತ ಜಾಸ್ತಿ ಖರ್ಚಾಗುತ್ತೆ.