ಮೂರನೇ ವಯರ್ ಎಲ್ಲಿ ಮಾರಾಯ್ರೆ?

ಪ್ರಾಜೆಕ್ಟ್ ಪರೀಕ್ಷೆಯ ಹಿಂದಿನ ಸಂಜೆ ಉಡುಪಿಯ ನನ್ನ ಅಂಗಡಿಗೆ ಓಡಿ ಬರುವ ಹುಡುಗರ ಮುಖ ನೋಡಿದರೆ ಸಾಕು, ಏನಾಗಿದೆ ಅಂತ ಗೊತ್ತಾಗುತ್ತದೆ. ಈ ಸಲ ಮಣಿಪಾಲ ಕಡೆಯಿಂದ ಮೂವರು ಬಂದಿದ್ದರು. ಕೈಯಲ್ಲಿ ಒಂದು ಇಎಸ್‌ಪಿ32 ಬೋರ್ಡು, ಅಂದರೆ ಪ್ರೋಗ್ರಾಮ್ ಹಾಕಿ ಓಡಿಸುವ ಪುಟ್ಟ ಕಂಪ್ಯೂಟರ್. ಜೊತೆಗೆ ಜಾಗ ಹೇಳುವ ಒಂದು ನಿಯೋ-6ಎಂ ಜಿಪಿಎಸ್. ಲ್ಯಾಪ್‌ಟಾಪಿನಲ್ಲಿ ಜಿಪಿಎಸ್ ಕಳಿಸುವ, ಡಾಲರ್ ಗುರುತಿನಿಂದ ಶುರುವಾಗುವ ಸಾಲುಗಳು ಬರಬೇಕಿತ್ತು. ಬರುತ್ತಿದ್ದದ್ದು ಪ್ರಶ್ನಾರ್ಥಕ ಚಿಹ್ನೆ, ಚೌಕ, ಬರೀ ಕಸ.

"ಡೇಟಾ ಕಳಿಸುವ ವೇಗ, ಬಾಡ್ ರೇಟ್, 9600 ಇಟ್ಟಿದ್ದೇವೆ ಸರ್. 4800 ಕೂಡ ನೋಡಿದೆವು. ಲೈಬ್ರರಿ ಬದಲಾಯಿಸಿದೆವು. ಇದು ಮೂರನೇ ಜಿಪಿಎಸ್."

"ಮೂರನೇ ಜಿಪಿಎಸ್ ತಂದ್ರಿ. ಮೂರನೇ ವಯರ್ ಎಲ್ಲಿ?"

"ಕಳಿಸುವ ಟಿಎಕ್ಸ್, ಪಡೆಯುವ ಆರ್‌ಎಕ್ಸ್ ಎರಡೇ ಅಲ್ವಾ ಸರ್? ನಿನ್ನೆ ರೂಮಲ್ಲಿ ಕೆಲಸ ಮಾಡ್ತಿತ್ತು."

ಈ "ನಿನ್ನೆ ಕೆಲಸ ಮಾಡ್ತಿತ್ತು" ಎಂಬ ಮಾತು ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ನಿನ್ನೆ ಎರಡೂ ಬೋರ್ಡನ್ನು ಒಂದೇ ಲ್ಯಾಪ್‌ಟಾಪಿನ ಎರಡು ಯುಎಸ್‌ಬಿಗೆ ಚುಚ್ಚಿದ್ದರು. ಯುಎಸ್‌ಬಿ ಕೇಬಲ್ಲಿನ ಕಪ್ಪು ವಯರ್ ಮೂಲಕ ಎರಡರ ಗ್ರೌಂಡೂ, ಅಂದರೆ ವೋಲ್ಟ್ ಅಳೆಯಲು ಸೊನ್ನೆ ಅಂತ ಇಟ್ಟುಕೊಳ್ಳುವ ಜಾಗ, ಲ್ಯಾಪ್‌ಟಾಪಿನೊಳಗೆ ಸೇರಿಕೊಂಡಿತ್ತು. ಇವರು ಹಾಕದ ಆ ಮೂರನೇ ವಯರನ್ನು, ಗ್ರೌಂಡ್ ವಯರನ್ನು, ಕೇಬಲ್ಲೇ ಹಾಕಿಕೊಟ್ಟಿತ್ತು. ಇವತ್ತು ನೀಟಾಗಿ ಕಾಣಲಿ ಅಂತ ಜಿಪಿಎಸ್‌ಗೆ ಬೇರೆ ಮೊಬೈಲ್ ಚಾರ್ಜರ್ ಕೊಟ್ಟರು. ಅಲ್ಲಿಗೆ ಸಂಬಂಧ ಕಡಿಯಿತು.

ಟಿಎಕ್ಸನ್ನು ಆರ್‌ಎಕ್ಸಿಗೆ ಅಡ್ಡ ಹಾಕಬೇಕು, 5 ವೋಲ್ಟಿನ ಬೋರ್ಡನ್ನು 3.3 ವೋಲ್ಟಿನದಕ್ಕೆ ನೇರ ಕೊಡಬಾರದು, ಇದೆಲ್ಲ ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ನನ್ನ ತಲೆ ತಿನ್ನುವುದು ಗ್ರೌಂಡ್ ಒಂದೇ.

ನಮ್ಮ ಕಡೆ ಮನೆಮನೆಗೆ ಬಾವಿ ಉಂಟಲ್ಲ, ಅದನ್ನೇ ತಗೊಳ್ಳಿ. ನೀರು ಎಷ್ಟು ಆಳದಲ್ಲಿದೆ ಅಂತ ನೀವು ಬಾವಿಕಟ್ಟೆಯ ಮೇಲಿಂದ ಹಗ್ಗ ಬಿಟ್ಟು 20 ಅಡಿ ಅನ್ನುತ್ತೀರಿ. ಪಕ್ಕದವರು ಅಂಗಳದ ಮಟ್ಟದಿಂದ ಲೆಕ್ಕ ಹಾಕಿ 17 ಅಡಿ ಅನ್ನುತ್ತಾರೆ. ಇಬ್ಬರೂ ಸರಿಯೇ. ಆದರೆ ಎಲ್ಲಿಂದ ಅಳೆದದ್ದು ಅಂತ ಹೇಳದೆ ಬರೀ 20 ಅಂದರೆ ಅದಕ್ಕೆ ಅರ್ಥ ಇಲ್ಲ. ವೋಲ್ಟೂ ಹಾಗೆಯೇ. ಜಿಪಿಎಸ್ "ಇಗೋ 3.3 ವೋಲ್ಟ್, ಇದು ಒಂದು" ಅಂತ ಕಳಿಸುವುದು ತನ್ನ ಗ್ರೌಂಡಿನಿಂದ ಅಳೆದು. ಇಎಸ್‌ಪಿ32 ನೋಡುವುದು ತನ್ನ ಗ್ರೌಂಡಿನಿಂದ. ಅದರ ಲೆಕ್ಕದಲ್ಲಿ ಸುಮಾರು 2.5 ವೋಲ್ಟಿಗಿಂತ ಜಾಸ್ತಿ ಇದ್ದರೆ ಒಂದು, 0.8ಕ್ಕಿಂತ ಕಡಿಮೆ ಇದ್ದರೆ ಸೊನ್ನೆ. 9600ರ ವೇಗದಲ್ಲಿ ಒಂದು ಬಿಟ್ ಇರುವುದು ಸುಮಾರು 104 ಮೈಕ್ರೋಸೆಕೆಂಡ್. ಅಷ್ಟರೊಳಗೆ ಒಂದೋ ಸೊನ್ನೆಯೋ ತೀರ್ಮಾನ ಆಗಬೇಕು. ಬಾವಿಕಟ್ಟೆಯೇ ಮೇಲೆ ಕೆಳಗೆ ಓಲಾಡುತ್ತಿದ್ದರೆ ಯಾವ ತೀರ್ಮಾನ?

ಓಲಾಡುತ್ತದೆ ಅಂದದ್ದು ಸುಮ್ನೆ ಅಲ್ಲ. ಎರಡು ಪಿನ್ನಿನ ಚಾರ್ಜರ್‌ಗಳಲ್ಲಿ ಸಾಮಾನ್ಯವಾಗಿ 230 ವೋಲ್ಟಿನ ಬದಿಗೂ ಔಟ್‌ಪುಟ್ ಬದಿಗೂ ನಡುವೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರಿಂದ ಚೂರು ಕರೆಂಟು ಜಿನುಗುತ್ತದೆ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಲ್ಯಾಪ್‌ಟಾಪಿನ ಲೋಹದ ಮೈ ಸವರಿದರೆ ಜುಂ ಅನ್ನುವುದು ಅದೇ. ಹುಡುಗರ ಎದುರಿಗೇ ಮೀಟರನ್ನು ಎಸಿಗೆ ಇಟ್ಟು ಎರಡು ಗ್ರೌಂಡಿನ ನಡುವೆ ಹಿಡಿದೆ. 70ರ ಆಸುಪಾಸು ತೋರಿಸಿತು. ಒಬ್ಬ ಎರಡು ಹೆಜ್ಜೆ ಹಿಂದೆ ಹೋದ. ಹೆದರಬೇಡ, ಅದಕ್ಕೆ ಶಕ್ತಿ ಇಲ್ಲ ಅಂದೆ. ಒಂದು ಗೇಣು ವಯರ್‌ನಿಂದ ಎರಡೂ ಗ್ರೌಂಡ್ ಸೇರಿಸಿದೆ. ಮೀಟರ್ ಸೊನ್ನೆಗೆ ಬಂತು, ಪರದೆಯಲ್ಲಿ ಡಾಲರ್ ಸಾಲುಗಳು ಬಂದವು. ಮೊದಲೆರಡು ಜಿಪಿಎಸ್ ವಾಪಸ್ ತಗೊಳ್ತೀರಾ ಅಂತ ಕೇಳಿದರು. ಇಲ್ಲ ಅಂದೆ. ಚಹಾ ಮಾತ್ರ ಕುಡಿಸಿದೆ.

ಇದರ ಉಲ್ಟಾ ಕಥೆಯೂ ಉಂಟು. ಹಿರಿಯಡ್ಕ ಕಡೆಯ ತೋಟದ ಯಜಮಾನರೊಬ್ಬರು, ಅರುವತ್ತು ದಾಟಿದವರು, ಟ್ಯಾಂಕಿನ ನೀರು ನೋಡಿ ಪಂಪ್ ತಾನೇ ನಿಲ್ಲುವ ಹಾಗೆ ಆರ್ಡುಯಿನೋ ಎಂಬ ಇಂಥದ್ದೇ ಬೋರ್ಡು ಜೋಡಿಸಿದ್ದರು. ಬಾವಿಯಿಂದ ಮನೆಗೆ ಲ್ಯಾನ್ ಕೇಬಲ್ ಎಳೆದು, ಎರಡು ತಂತಿಯಲ್ಲಿ ದೂರಕ್ಕೆ ಡೇಟಾ ಕಳಿಸುವ ಆರ್‌ಎಸ್-485 ಹಾಕಿದ್ದರು. ದೂರಕ್ಕೆ ಅದೇ ಸರಿ, 1200 ಮೀಟರ್‌ವರೆಗೂ ಹೋಗುತ್ತದೆ. ಆದರೆ ಚಿಪ್ ಮೇಲಿಂದ ಮೇಲೆ ಸುಡುತ್ತಿತ್ತು. ನೋಡಲು ಹೋದೆ. ಪಂಪ್ ಶೆಡ್ಡಿನ ಪಕ್ಕ, ತೆಂಗಿನ ಬುಡದಲ್ಲಿ ಒಂದು ಕಬ್ಬಿಣದ ರಾಡು. ಸುತ್ತ ಉಪ್ಪು, ಇದ್ದಿಲು. ಅದಕ್ಕೆ ಬೋರ್ಡಿನ ಗ್ರೌಂಡ್ ಬಿಗಿದಿದ್ದಾರೆ. ಮನೆಯ ಬೋರ್ಡಿನ ಗ್ರೌಂಡ್ ಮನೆಯ ಅರ್ಥಿಂಗಿಗೆ.

"ಗ್ರೌಂಡ್ ಅಂದ್ರೆ ನೆಲ ಅಲ್ವಾ ಮಾರಾಯ್ರೆ? ಭೂಮಿ ಒಂದೇ ಅಲ್ವಾ?" ಅಂದರು.

ತತ್ವಜ್ಞಾನ ಚೆನ್ನಾಗಿದೆ. ಆದರೆ ಮಣ್ಣು ವಯರ್ ಅಲ್ಲ. ಪಂಪಿನಲ್ಲಿ ಸ್ವಲ್ಪ ಲೀಕೇಜ್ ಇದ್ದರೂ, ಹತ್ತಿರ ಎಲ್ಲೋ ಸಿಡಿಲು ಬಡಿದರೂ ಆ ರಾಡಿಗೂ ಮನೆಯ ಅರ್ಥಿಂಗಿಗೂ ನಡುವೆ ಸಿಕ್ಕಾಪಟ್ಟೆ ವ್ಯತ್ಯಾಸ ಬರಬಹುದು. ಆರ್‌ಎಸ್-485 ಎ ಮತ್ತು ಬಿ ಎಂಬ ಎರಡು ತಂತಿಗಳ ವೋಲ್ಟಿನ ವ್ಯತ್ಯಾಸವನ್ನೇ ನೋಡುವುದು ನಿಜ. ಹಾಗಂತ ಗ್ರೌಂಡ್ ಬೇಡ ಅಂತಲ್ಲ. ಎರಡೂ ತಂತಿ ಚಿಪ್ಪಿನ ಗ್ರೌಂಡಿನಿಂದ −7ರಿಂದ +12 ವೋಲ್ಟಿನ ಒಳಗೇ ಇರಬೇಕು. ಲ್ಯಾನ್ ಕೇಬಲ್ಲಿನಲ್ಲಿ 8 ಎಳೆ. ಅವರು 2 ಬಳಸಿದ್ದರು, 6 ಸುಮ್ನೆ ಮಲಗಿದ್ದವು. ಎರಡೂ ಬೋರ್ಡನ್ನು ಅರ್ಥಿಂಗಿನಿಂದ ಬಿಡಿಸಿ, ಒಂದು ಎಳೆಯನ್ನು ಗ್ರೌಂಡಿಗೆ ಕೊಟ್ಟೆವು. ಶೆಡ್ಡಿನ ಬದಿಗೆ ಐಸೋಲೇಟೆಡ್ ಮಾಡ್ಯೂಲ್, ಅಂದರೆ ನೇರ ವಯರ್ ಸಂಬಂಧ ಇಲ್ಲದೆ ಡೇಟಾ ದಾಟಿಸುವಂಥದ್ದು, ಹಾಕಿದೆವು. ನೇರ ಸಿಡಿಲಿಗೆ ಇದೂ ತಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಗುಡುಗು ಶುರುವಾದರೆ ಕೇಬಲ್ ಕಿತ್ತಿಡಿ ಅಂತಲೇ ಹೇಳಿ ಬಂದೆ. ರಾಡು ಅಲ್ಲೇ ಉಂಟು, ಈಗ ಕರು ಕಟ್ಟುತ್ತಾರೆ.

ಗ್ರೌಂಡ್ ಸೇರಿಸಿ ಅಂದೆ ಅಂತ ಕಂಡದ್ದಕ್ಕೆಲ್ಲ ಸೇರಿಸಬೇಡಿ. ವಾಷಿಂಗ್ ಮೆಷಿನ್ ಬೋರ್ಡು, ಎನರ್ಜಿ ಮೀಟರ್, ಅಗ್ಗದ ಎಲ್‌ಇಡಿ ಡ್ರೈವರ್, ಇಂಥ ಹಲವದರಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಅಲ್ಲಿ ಗ್ರೌಂಡ್ ಅಂತ ಬರೆದ ಜಾಗವೇ ನೇರ ಮೈನ್ಸಿಗೆ, ಅಂದರೆ 230 ವೋಲ್ಟಿನ ಲೈನಿಗೆ, ಸೇರಿರುತ್ತದೆ. ಅದರ ಸೀರಿಯಲ್ ಪಿನ್ (ಟಿಎಕ್ಸ್, ಆರ್‌ಎಕ್ಸ್) ಓದಲು ಲ್ಯಾಪ್‌ಟಾಪ್ ಕೊಟ್ಟರೆ ಲ್ಯಾಪ್‌ಟಾಪ್ ಹೋಗಬಹುದು, ನೀವೂ ಹೋಗಬಹುದು. ಅಂಥ ಬೋರ್ಡು ಬಿಚ್ಚುವ ಮೊದಲು ನನಗೊಂದು ಫೋನ್ ಮಾಡಿ. ಮಧ್ಯಾಹ್ನ ಒಂದರಿಂದ ಮೂರು ಬೇಡ, ಊಟ ಮಾಡಿ ಮಲಗಿರುತ್ತೇನೆ.