ಹಳೆಯ ಟೇಪಿನ ಹಾಡು: ಯಾವುದು ನಾದ, ಯಾವುದು ಗದ್ದಲ?

ಪಶ್ಚಿಮ ಆಫ್ರಿಕಾದ ಗಿನಿ 1958ರ ಅಕ್ಟೋಬರ್ 2ರಂದು ಫ್ರಾನ್ಸಿನ ಹಿಡಿತದಿಂದ ಬಿಡಿಸಿಕೊಂಡಿತು. ಹೊಸ ಸರ್ಕಾರ ಕೈಹಾಕಿದ ಮೊದಲ ಕೆಲಸಗಳಲ್ಲಿ ಸಂಗೀತವೂ ಒಂದು. ಪ್ರಾಂತ್ಯ ಪ್ರಾಂತ್ಯಗಳಲ್ಲಿ ವಾದ್ಯತಂಡಗಳು ಹುಟ್ಟಿಕೊಂಡವು. ಗಿಟಾರು, ಸ್ಯಾಕ್ಸೊಫೋನು, ಡ್ರಮ್ಮುಗಳನ್ನು ಸರ್ಕಾರವೇ ಕೊಡಿಸಿತು, ದೊಡ್ಡ ತಂಡಗಳ ವಾದಕರಿಗೆ ಸಂಬಳವನ್ನೂ ಕೊಟ್ಟಿತು. ಬೇಲಾ ಎಂಬ ದೂರದ ಪಟ್ಟಣದಲ್ಲಿ 1961ರಲ್ಲಿ ಶುರುವಾದ ಬೆಂಬೆಯಾ ಜಾಝ್ ತಂಡ ಕೆಲವೇ ವರ್ಷಗಳಲ್ಲಿ ಇಡೀ ಪಶ್ಚಿಮ ಆಫ್ರಿಕಾದ ಮನೆಮಾತಾಯಿತು. ಧ್ವನಿಮುದ್ರಣ ಬಹುಪಾಲು ರಾಜಧಾನಿ ಕೊನಾಕ್ರಿಯ ಸರ್ಕಾರಿ ರೇಡಿಯೊ ಸ್ಟುಡಿಯೊದಲ್ಲಿ, ಬಿಡುಗಡೆ ಸಿಲಿಫೋನ್ ಎಂಬ ಸರ್ಕಾರಿ ಲೇಬಲ್ಲಿನಲ್ಲಿ. ವಾದಕರಿಗೆ ಸಂಬಳ ಕೊಟ್ಟ ಅಧ್ಯಕ್ಷ ಸೆಕು ತುರೆಯ ಅದೇ ಆಡಳಿತ ವಿರೋಧಿಗಳನ್ನು ಬೋಯ್ರೊ ಬಂದೀಖಾನೆಗೆ ತಳ್ಳಿತು. ಆ ಹಾಡುಗಳನ್ನು ಮೆಚ್ಚುವವರು ಈ ಮಾತನ್ನು ಮರೆಯುವಂತಿಲ್ಲ.

1984ರಲ್ಲಿ ತುರೆ ತೀರಿಕೊಂಡರು. ಮರುವರ್ಷದ ಕ್ಷಿಪ್ರಕ್ರಾಂತಿಯ ಯತ್ನದಲ್ಲಿ ರೇಡಿಯೊ ಕೇಂದ್ರದ ಸಂಗ್ರಹದ ಮೇಲೂ ಬಾಂಬು ಬಿತ್ತು. ಅಲ್ಲಿದ್ದ ಹಾಡುಗಳ ಕಥೆ ಮುಗಿಯಿತೆಂದೇ ಬಹಳ ಮಂದಿ ನಂಬಿದ್ದರು. ಆದರೆ ಆಸ್ಟ್ರೇಲಿಯಾದ ಸಂಗೀತ ಸಂಶೋಧಕ ಗ್ರೇಮ್ ಕೌನ್ಸೆಲ್ 2008ರಿಂದ 2013ರ ನಡುವೆ, ಬ್ರಿಟಿಷ್ ಲೈಬ್ರರಿ ನಡೆಸುವ ಅಳಿವಿನಂಚಿನ ದಾಖಲೆಗಳ ಯೋಜನೆಯ ನೆರವಿನಿಂದ, ಉಳಿದ ಟೇಪಿನ ರೀಲುಗಳನ್ನು ಹುಡುಕಿ ಒಂದೊಂದಾಗಿ ಡಿಜಿಟಲ್ಲಿಗೆ ಇಳಿಸಿದರು. ಕೊನೆಗೆ ಲೆಕ್ಕ ಹಾಕಿದಾಗ ಸಿಕ್ಕಿದ್ದು 9,410 ಹಾಡುಗಳು.

ಬಾಂಬು ತಪ್ಪಿಸಿಕೊಂಡ ರೀಲಿಗೆ ಇನ್ನೊಂದು ಶತ್ರುವಿದೆ, ನೀರು. ಕೊನಾಕ್ರಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಅರ್ಧದಷ್ಟು ಜುಲೈ, ಆಗಸ್ಟ್ ಎರಡೇ ತಿಂಗಳಲ್ಲಿ. ಟೇಪು ಒದ್ದೆಯಾಗಬೇಕಿಲ್ಲ, ಗಾಳಿಯಲ್ಲಿನ ತೇವವೇ ಸಾಕು. ಯಾಕೆಂದು ತಿಳಿಯಲು ಟೇಪಿನ ಪದರಗಳನ್ನು ಬಿಡಿಸಿ ನೋಡಬೇಕು. ತಳದಲ್ಲಿ ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಸೂಜಿಯಾಕಾರದ ಕಣಗಳು. ಹಾಡೆಲ್ಲ ಇರುವುದು ಈ ಕಣಗಳು ಯಾವ ದಿಕ್ಕಿಗೆ ಅಯಸ್ಕಾಂತವಾಗಿವೆ ಎಂಬುದರಲ್ಲಿ. ಕಣಗಳನ್ನು ಪಟ್ಟಿಗೆ ಹಿಡಿದಿಟ್ಟಿರುವುದು ಒಂದು ಅಂಟು. 1970ರ ದಶಕದ ಬಹಳಷ್ಟು ಟೇಪುಗಳಲ್ಲಿ ಅದು ಪಾಲಿಯುರಿಥೇನ್.

ಕಣಗಳ ಅಯಸ್ಕಾಂತತೆ ಸುಲಭಕ್ಕೆ ಅಳಿಯುವುದಿಲ್ಲ, ಹತ್ತಾರು ವರ್ಷ ಹಾಗೇ ಇರುತ್ತದೆ. ಮೊದಲು ಸಾಯುವುದು ಅಂಟು. ಗಾಳಿಯ ತೇವದ ಅಣುಗಳು ಒಳನುಗ್ಗಿ ಪಾಲಿಯುರಿಥೇನಿನ ಉದ್ದ ಅಣುಸರಪಳಿಗಳನ್ನು ಕತ್ತರಿಸುತ್ತವೆ. ಹಾಗೆ ಕತ್ತರಿಸಿದಾಗ ಹುಟ್ಟುವ ಆಮ್ಲ ಮುಂದಿನ ಕತ್ತರಿಕೆಯನ್ನು ಇನ್ನಷ್ಟು ಚುರುಕು ಮಾಡುತ್ತದೆ. ಅಂಟು ಜಿಗುಟಾಗಿ, ಪ್ಲೇಯರಿಗೆ ಹಾಕಿದ ಟೇಪು ಅದನ್ನು ಓದುವ ಹೆಡ್ಡಿಗೆ ಅಂಟಿಕೊಂಡು ಕಿರುಗುಡುತ್ತದೆ, ಕಂದು ಪುಡಿಯನ್ನು ಉದುರಿಸುತ್ತದೆ. ಉದುರಿದ ಪುಡಿಯೇ ಹಾಡು, ಮತ್ತೆ ಅಂಟಿಸಲಾಗದು.

ಇದಕ್ಕೆ ಇರುವ ಚಿಕಿತ್ಸೆ ಕೇಳಿದರೆ ಯಾರಾದರೂ ಬೆಚ್ಚಬೇಕು: ಟೇಪನ್ನು ಬಿಸಿಪೆಟ್ಟಿಗೆಯಲ್ಲಿಟ್ಟು ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್ ಒಣ ಶಾಖದಲ್ಲಿ ಗಂಟೆಗಟ್ಟಲೆ ಕಾಯಿಸುವುದು. ಹೀರಿಕೊಂಡ ನೀರು ಹೊರಟು ಅಂಟು ಕೆಲವು ವಾರಗಳ ಮಟ್ಟಿಗೆ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಹಾಡನ್ನು ಇಳಿಸಿಕೊಳ್ಳಬೇಕು, ಆಮೇಲೆ ರೋಗ ಮರುಕಳಿಸುತ್ತದೆ. ಇನ್ನೂ ಹಳೆಯ, 1950ರ ದಶಕದ ಟೇಪುಗಳ ತಳಪಟ್ಟಿ ಅಸಿಟೇಟಿನದು. ಅದು ಕೆಡುವ ರೀತಿಯೇ ಬೇರೆ. ವಿನೆಗರ್ ವಾಸನೆ ಹೊಡೆಯುತ್ತ ಸುರುಟಿ ಮುರಿಯುತ್ತದೆ. ಅದನ್ನು ಬಿಸಿಗೆ ಇಟ್ಟರೆ ಕೆಲಸ ಕೆಟ್ಟಿತು. ಯಾವ ಟೇಪು ಯಾವುದರಿಂದ ಆಗಿದೆ ಎಂದು ಗುರುತಿಸಲಾಗದವರು ಈ ಕೆಲಸಕ್ಕೆ ಕೈಹಾಕಬಾರದು.

ಖಂಡದ ಇನ್ನೊಂದು ಅಂಚಿನಲ್ಲಿ, ಈಗ ಸೊಮಾಲಿಲ್ಯಾಂಡಿನ ರಾಜಧಾನಿಯಾಗಿರುವ ಹರ್ಗೇಸಾದಲ್ಲಿ, ಟೇಪುಗಳನ್ನು ಮಣ್ಣಿನಡಿ ಹೂತಿಟ್ಟು ಉಳಿಸಿದರು. 1988ರಲ್ಲಿ ಸೊಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರ್ರೆಯ ಸೇನೆ ಹರ್ಗೇಸಾದ ಮೇಲೆ ಬಾಂಬುಗಳ ಮಳೆಗರೆಯಿತು. ರೇಡಿಯೊದವರೂ ಸಂಗೀತಪ್ರಿಯರೂ ಕ್ಯಾಸೆಟ್ಟು, ರೀಲುಗಳನ್ನು ನೆಲದಡಿ ಬಚ್ಚಿಟ್ಟರು, ಕೆಲವನ್ನು ಗಡಿಯಾಚೆ ಸಾಗಿಸಿದರು. ಎಷ್ಟೋ ವರ್ಷ ಕಳೆದು ಹೊರಬಂದ ಅವುಗಳಲ್ಲಿ ಹಲವು ಇವತ್ತು ಹರ್ಗೇಸಾದ ಸಾಂಸ್ಕೃತಿಕ ಕೇಂದ್ರದ ಸಂಗ್ರಹದಲ್ಲಿವೆ. ಅದರಿಂದ ಆಯ್ದ ಹಾಡುಗಳನ್ನು ಒಸ್ಟಿನಾಟೊ ಎಂಬ ಲೇಬಲ್ 2017ರಲ್ಲಿ ಜಗತ್ತಿಗೆ ಕೇಳಿಸಿತು. ಹರ್ಗೇಸಾ ಇರುವುದು ಸಮುದ್ರಮಟ್ಟದಿಂದ 1,300 ಮೀಟರ್ ಎತ್ತರದ ಒಣ ಪ್ರಸ್ಥಭೂಮಿಯಲ್ಲಿ. ನೆಲದಡಿ ಹಗಲಿರುಳಿನ ಬಿಸಿ ತಂಪಿನ ಏರಿಳಿತ ತೀರ ಕಡಿಮೆ. ಇದೇ ಉಪಾಯವನ್ನು ಕೊನಾಕ್ರಿಯ ಕೆಸರಿನಲ್ಲಿ ಮಾಡಿದ್ದರೆ ಒಂದೇ ಮಳೆಗಾಲಕ್ಕೆ ಎಲ್ಲ ಮುಗಿಯುತ್ತಿತ್ತು.

ಕ್ಯಾಸೆಟ್ಟಿನ ವಿಷಯಕ್ಕೆ ಬಂದರೆ, ಅಲ್ಲಿ ಎಲ್ಲವೂ ಸಣ್ಣದು. ಸ್ಟುಡಿಯೊ ರೀಲು ಸೆಕೆಂಡಿಗೆ 38 ಸೆಂಟಿಮೀಟರ್ ಓಡಿದರೆ ಕ್ಯಾಸೆಟ್ ಓಡುವುದು 4.76 ಸೆಂಟಿಮೀಟರ್. ತಾಳದ ತಟ್ಟೆಯ ಹೊಳಪಿಗೆ ಬೇಕಾದ 10,000 ಹರ್ಟ್ಸಿನ, ಅಂದರೆ ಸೆಕೆಂಡಿಗೆ 10,000 ಅಲೆಗಳ ಸ್ವರವನ್ನು ತೆಗೆದುಕೊಳ್ಳಿ. ಕ್ಯಾಸೆಟ್ಟಿನ ಮೇಲೆ ಅದರ ಒಂದು ಅಲೆಗೆ ಸಿಗುವ ಜಾಗ ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗಕ್ಕಿಂತ ಕಡಿಮೆ. ಆದರೆ ಹಾಡು ಬರೆದ ಸಾಲಿನ ಅಗಲ ಸುಮಾರು 0.6 ಮಿಲಿಮೀಟರ್. ಈಗ ಪ್ಲೇಯರಿನ ಹೆಡ್ಡು ಒಂಚೂರು ವಾಲಿದೆ ಎನ್ನೋಣ. ಸಾಲಿನ ಮೇಲಂಚಿನಲ್ಲಿ ಅಲೆಯ ಏರು ಸಿಕ್ಕಾಗ ಕೆಳಗೆ ಬೇರೆಡೆ ಇಳಿವು ಸಿಗುತ್ತದೆ, ಒಂದನ್ನೊಂದು ಅಳಿಸಿಹಾಕುತ್ತವೆ. ಲೆಕ್ಕ ಹಾಕಿ ನೋಡಿ: ಅರ್ಧ ಡಿಗ್ರಿಗಿಂತಲೂ ಕಡಿಮೆ ವಾಲಿದರೆ ಸಾಕು, ಆ ಸ್ವರ ಪೂರ್ತಿ ಮಾಯ. ಹಳೆಯ ಕ್ಯಾಸೆಟ್ಟುಗಳು ಮಂಕಾಗಿ ಕೇಳಿಸುವುದಕ್ಕೆ ಟೇಪು ಸವೆದದ್ದೇ ಕಾರಣವೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಎಷ್ಟೋ ಸಲ ಕಾರಣ ಈ ಓರೆ ಮಾತ್ರ. ಅದಕ್ಕೇ ಬಲ್ಲ ತಂತ್ರಜ್ಞರು ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಕಿವಿಗೊಟ್ಟು, ಹೊಳಪು ಮರಳುವ ಜಾಗದಲ್ಲಿ ನಿಲ್ಲಿಸುತ್ತಾರೆ. ಟೇಪು ರೆಕಾರ್ಡಾದಾಗ ಯಂತ್ರ ಎಷ್ಟು ವಾಲಿತ್ತೋ ಈಗಲೂ ಅಷ್ಟೇ ವಾಲಿಸಬೇಕು. ಯಾವ ಸಾಫ್ಟ್‌ವೇರೂ ಇದನ್ನು ಆಮೇಲೆ ಪೂರ್ತಿ ಸರಿಮಾಡಲಾರದು.

ವೇಗದ ಸಮಸ್ಯೆಗೆ ಮಾತ್ರ ಸೊಗಸಾದ ಪರಿಹಾರವೊಂದಿದೆ. ಟೇಪು ನೂರಕ್ಕೆ ಆರರಷ್ಟು ಬೇಗ ಓಡಿದರೆ ಶ್ರುತಿ ಒಂದು ಅರೆಸ್ವರ ಮೇಲೇರುತ್ತದೆ, ಗಾಯಕನ ದನಿ ಎಳಸಾಗುತ್ತದೆ. ಮೂಲ ಶ್ರುತಿ ಏನಿತ್ತೆಂದು ಹೇಳಲು ವಾದಕರೇ ಇಲ್ಲದಿದ್ದಾಗ ರೆಕಾರ್ಡಿಂಗಿನಲ್ಲಿ ಸೇರಿಕೊಂಡ ಕರೆಂಟಿನ ಗುಂಯ್‌ಗಾಟ ಸಾಕ್ಷಿ ಹೇಳಬಹುದು. 50 ಹರ್ಟ್ಸ್ ವಿದ್ಯುತ್ತಿರುವ ದೇಶದಲ್ಲಿ ಆದ ಮುದ್ರಣದಲ್ಲಿ ಆ ಗುಂಯ್ 53 ಹರ್ಟ್ಸಿನಲ್ಲಿ ಸಿಕ್ಕರೆ ಟೇಪು ಬೇಗ ಓಡುತ್ತಿದೆ ಎಂದೇ ಅರ್ಥ. ವಿದ್ಯುತ್ ಜಾಲದ ಆವರ್ತನವೂ ಅಲ್ಪಸ್ವಲ್ಪ ಹೊಯ್ದಾಡುವುದರಿಂದ ತೀರ್ಮಾನಕ್ಕೆ ಕಿವಿಯೂ ಬೇಕು. ಹೀಗಾಗಿ ಗುಂಯ್ ಶಬ್ದವನ್ನು ಮೊದಲೇ ತೆಗೆದುಹಾಕುವ ಅವಸರ ಒಳ್ಳೆಯದಲ್ಲ.

ಮಾಸ್ಟರ್, ಅಂದರೆ ಪ್ರತಿಗಳಿಗೆಲ್ಲ ಮೂಲವಾದ ಟೇಪು, ಎಂದೊಡನೆ ಅದೇ ಅತ್ಯುತ್ತಮ ಎನ್ನಲೂ ಆಗದು. ಘಾನಾದ ಗಾಯಕ ಅಟಾ ಕಾಕ್ ಟೊರಾಂಟೊದಲ್ಲಿ ನೆಲೆಸಿದ್ದಾಗ ಮಾಡಿದ ಕ್ಯಾಸೆಟ್ 1994ರಲ್ಲಿ ಹೊರಬಂತು, ಪ್ರತಿಗಳು ಬೆರಳೆಣಿಕೆಯಷ್ಟೇ. ಅದರಲ್ಲೊಂದನ್ನು ಬ್ರಯನ್ ಶಿಮ್ಕೊವಿಟ್ಜ್ ಎಂಬ ಅಮೆರಿಕನ್ ವಿದ್ಯಾರ್ಥಿ 2002ರಲ್ಲಿ ಘಾನಾದ ಕೇಪ್ ಕೋಸ್ಟಿನ ಬೀದಿಬದಿಯಲ್ಲಿ ಕೊಂಡ. ಮುಂದೆ ಗಾಯಕನನ್ನು ಪತ್ತೆಹಚ್ಚಿ 2015ರಲ್ಲಿ ಮರುಬಿಡುಗಡೆಗೆ ಹೊರಟಾಗ ಮೂಲ ಡಿಜಿಟಲ್ ಟೇಪು ಕೆಟ್ಟುಹೋಗಿತ್ತು. ನೆರವಿಗೆ ಬಂದದ್ದು ಬೀದಿಯಲ್ಲಿ ಕೊಂಡ ಕ್ಯಾಸೆಟ್ಟೇ. ಡಿಜಿಟಲ್ ಟೇಪಿನಲ್ಲೂ ಇರುವುದು ಅದೇ ಕಾಂತೀಯ ಪಟ್ಟಿ, ಅದರಲ್ಲಿ ಹಾಡು ಸಂಖ್ಯೆಗಳಾಗಿ ಕೂತಿರುತ್ತದೆ. ಸ್ವಲ್ಪ ಕೆಟ್ಟರೆ ತಿದ್ದುಪಡಿ ಲೆಕ್ಕಾಚಾರ ಅದನ್ನು ತುಂಬಿಕೊಡುತ್ತದೆ. ಮಿತಿ ದಾಟಿದರೆ ಹಾಡು ಕಡಿದುಹೋಗುತ್ತದೆ. ಹಾಡಿನ ಅಲೆಯನ್ನೇ ನೇರವಾಗಿ ಹಿಡಿದಿಡುವ ಅನಲಾಗ್ ಟೇಪು ಹಾಗಲ್ಲ, ಕೆಡುತ್ತ ಕೆಡುತ್ತಲೂ ಹಾಡುತ್ತಿರುತ್ತದೆ.

ಟೇಪೇ ಇಲ್ಲದ ಕಡೆ ಹಳೆಯ ಗ್ರಾಮಫೋನ್ ತಟ್ಟೆಗಳೇ ಗತಿ. ಇಥಿಯೋಪಿಯಾದ ಅಮ್ಹಾ ಎಷೆಟೆ 1969ರಲ್ಲಿ, ಸರ್ಕಾರಿ ಸಂಸ್ಥೆಗಿದ್ದ ಏಕಸ್ವಾಮ್ಯವನ್ನು ಲೆಕ್ಕಿಸದೆ ತಮ್ಮದೇ ಲೇಬಲ್ ಶುರುಮಾಡಿದಾಗ ಮೊದಲ ತಟ್ಟೆಗಳು ಅಚ್ಚಾಗಿ ಬಂದದ್ದು ಭಾರತದಿಂದ. ಇಂಥ ತಟ್ಟೆಯಿಂದ ಹಾಡು ಇಳಿಸುವಾಗ ತಂತ್ರಜ್ಞರು ಬೇರೆ ಬೇರೆ ಗಾತ್ರದ ಮುಳ್ಳುಗಳನ್ನು ಹಾಕಿ ನೋಡುತ್ತಾರೆ. ಹಳೆಯ ಮುಳ್ಳು ಸವೆಸಿದ ಎತ್ತರವನ್ನು ಬಿಟ್ಟು, ಗೀರಿನ ಗೋಡೆಯ ತಾಜಾ ಭಾಗದ ಮೇಲೆ ಹೊಸ ಮುಳ್ಳು ಓಡಲಿ ಎಂದು. ಚಟ್ ಚಟ್ ಸದ್ದು ತೆಗೆಯುವುದು ಈಗ ಕಷ್ಟವಲ್ಲ. ಅಲೆಯನ್ನು ಸೆಕೆಂಡಿಗೆ 96,000 ಸಲ ಅಳೆದು ಸಂಖ್ಯೆಗಳಾಗಿ ಬರೆದುಕೊಂಡರೆ ಒಂದು ಮಿಲಿಸೆಕೆಂಡಿನ ಚಟ್ ಸದ್ದು ಕೆಡಿಸುವುದು 96 ಸಂಖ್ಯೆಗಳನ್ನು. ಅವುಗಳ ಆಚೀಚಿನ ಅಲೆಯ ನಡೆಯನ್ನು ನೋಡಿ ನಡುವೆ ಏನಿದ್ದಿರಬೇಕೆಂದು ಕಂಪ್ಯೂಟರು ಊಹಿಸಿ ತುಂಬುತ್ತದೆ.

ಎಡವುವುದು ಹಿನ್ನೆಲೆಯ ಸರಸರ ಸದ್ದನ್ನು ತೆಗೆಯಹೊರಟಾಗ. ಹಾಡು ಶುರುವಾಗುವ ಮುಂಚಿನ ಒಂದು ಚೂರನ್ನು ಗದ್ದಲದ ಮಾದರಿಯೆಂದು ಸಾಫ್ಟ್‌ವೇರಿಗೆ ತೋರಿಸುತ್ತಾರೆ. ಅದು ಅಂಥದ್ದನ್ನೆಲ್ಲ ಹಾಡಿನುದ್ದಕ್ಕೂ ಕಳೆಯುತ್ತ ಹೋಗುತ್ತದೆ. ಒಂದೇ ಸಮನಾದ ಸದ್ದಿಗೆ ಇದು ಸರಿ. ಗಿನಿಯ ಹಾಡಿಗೆ ಬಂದಾಗ ಕಷ್ಟ. ಅಲ್ಲಿನ ಬಾಲಾಫೋನ್ ವಾದ್ಯದಲ್ಲಿ ಮರದ ಪಟ್ಟಿಗಳ ಕೆಳಗೆ ಸೋರೆಬುರುಡೆಗಳನ್ನು ಕಟ್ಟಿರುತ್ತಾರೆ. ಬುರುಡೆಗೆ ಸಣ್ಣ ತೂತು ಕೊರೆದು, ಜೇಡ ತನ್ನ ಮೊಟ್ಟೆಗಳಿಗೆ ಹೆಣೆದ ರೇಷ್ಮೆಯ ತೆಳುಪೊರೆಯನ್ನು ಅದಕ್ಕೆ ಅಂಟಿಸುವುದು ಹಳೆಯ ಪದ್ಧತಿ. ಪಟ್ಟಿಯನ್ನು ಬಡಿದಾಗ ಪೊರೆ ನಡುಗಿ ಸ್ವರದ ಮೇಲೆ ಜುಂಯ್ ಎಂಬ ಇನ್ನೊಂದು ಪದರ ಹರಡುತ್ತದೆ. ಜಿಂಬಾಬ್ವೆಯ ಎಂಬಿರಾ ಎಂಬ ವಾದ್ಯಕ್ಕೆ ಇದೇ ಕಾರಣಕ್ಕೆ ಸೋಡಾ ಬಾಟಲಿಯ ಮುಚ್ಚಳಗಳನ್ನು ಬಿಗಿಯುತ್ತಾರೆ. ನಮ್ಮ ತಂಬೂರಿಯ ಕುದುರೆಯ ಮೇಲೆ ತಂತಿಯಡಿ ತೂರಿಸುವ ನೂಲಿನೆಳೆ ಮಾಡುವ ಕೆಲಸವೂ ಈ ಜಾತಿಯದೇ; ಆ ಎಳೆ ಜರುಗಿದರೆ ನಾದ ಬೋಳಾಗುವುದು ಸಂಗೀತ ಕಲಿತವರಿಗೆಲ್ಲ ಗೊತ್ತು.

ಆ ಜುಂಯ್ ಹರಡುವುದು ಮೇಲಿನ ಆವರ್ತನಗಳಲ್ಲಿ, ಅಸ್ತವ್ಯಸ್ತವಾಗಿ, ಟೇಪಿನ ಸರಸರ ಇರುವ ಕಡೆಯೇ. ಶಕ್ತಿ ಕಡಿಮೆ, ಆಯುಸ್ಸು ಕ್ಷಣಕಾಲ. ಸಾಫ್ಟ್‌ವೇರಿನ ಪಾಲಿಗೆ ಅದೂ ಗದ್ದಲವೇ. ಕೈ ಸ್ವಲ್ಪ ಜೋರಾದರೆ ಸರಸರದ ಜತೆ ಜೇಡನ ಪೊರೆಯೂ ಹೋಗುತ್ತದೆ, ಉಳಿಯುವುದು ಬರಿಯ ಮರದ ಟಕಟಕ. ಅಳಿದುಳಿದ ಚೂರುಗಳು ನೀರಿನೊಳಗೆ ಗಿಜಿಗುಟ್ಟಿದಂತೆ ಕೇಳುತ್ತವೆ. ವಾದ್ಯ ಮಾಡಿದವನು ಕಷ್ಟಪಟ್ಟು ಸೇರಿಸಿದ್ದನ್ನು, ಆ ವಾದ್ಯವನ್ನು ಎದುರು ಕೂತು ಕೇಳಿರದ ಯಾರೋ ಶುಚಿಗೊಳಿಸಿದಂತೆ. ನನಗೆ ಇದು ಬರಿಯ ತಾಂತ್ರಿಕ ಲೋಪವೆನಿಸುವುದಿಲ್ಲ. ಸ್ವಲ್ಪ ಸರಸರ ಉಳಿದ ಮರುಮುದ್ರಣವನ್ನೇ ನಾನು ನೆಚ್ಚುತ್ತೇನೆ. ಕಿವಿ ಒಂದೆರಡು ನಿಮಿಷದಲ್ಲಿ ಆ ಸದ್ದಿಗೆ ಒಗ್ಗಿಕೊಂಡು ಅದನ್ನು ಬದಿಗಿಡುತ್ತದೆ. ಕಳೆದುಹೋದ ಜುಂಯ್ ಅನ್ನು ಯಾವ ಕಿವಿಯೂ ತಂದುಕೊಡಲಾರದು.

ಹಾಗಾಗಿ ಮರುಮುದ್ರಣ ಹೊರತರುವ ಪ್ರತಿ ಲೇಬಲ್ಲೂ ಹೊದಿಕೆಯ ಮೇಲೆ ಗಾಯಕರ ಫೋಟೊ, ಊರಿನ ಕಥೆಗಳ ಜತೆ ಇಷ್ಟನ್ನು ಅಚ್ಚು ಹಾಕಬೇಕು: ಇದು ಮಾಸ್ಟರ್ ಟೇಪಿನಿಂದ ಬಂದದ್ದೋ, ತಟ್ಟೆಯಿಂದಲೋ, ಕ್ಯಾಸೆಟ್ಟಿನಿಂದಲೋ, ವೇಗ ತಿದ್ದಿದ್ದರೆ ಎಷ್ಟು, ಏನನ್ನು ತೆಗೆದಿದ್ದೇವೆ, ವಾದಕರಿಗೆ ಅಥವಾ ಅವರ ಮನೆಯವರಿಗೆ ಹಣ ಹೇಗೆ ತಲುಪುತ್ತಿದೆ. ಕೆಲವು ಲೇಬಲ್ಲುಗಳು ಇದರಲ್ಲಿ ಅರ್ಧವನ್ನಾದರೂ ಹೇಳುತ್ತವೆ, ಹಲವು ಹೇಳುವುದಿಲ್ಲ. ಏನನ್ನೂ ತೆಗೆಯದ, ಟೇಪಿನಿಂದ ಇಳಿದಂತೆಯೇ ಇರುವ ಕಚ್ಚಾ ಪ್ರತಿಯೊಂದನ್ನು ಬೇರೆಯಾಗಿ ಕಾಯ್ದಿಡುವುದು ಧ್ವನಿ ಸಂಗ್ರಹಾಲಯಗಳು ಒಪ್ಪಿಕೊಂಡ ನಿಯಮ. ವ್ಯಾಪಾರಿ ಲೇಬಲ್ಲುಗಳಿಗೆ ಅಂಥ ಕಟ್ಟುಪಾಡಿಲ್ಲ.

ಕಾಲ ಕಡಿಮೆಯಿದೆ. ಟೇಪು ಓದುವ ಯಂತ್ರಗಳು, ಬಿಡಿಭಾಗಗಳು, ಅವನ್ನು ರಿಪೇರಿ ಮಾಡಬಲ್ಲ ಕೈಗಳು 2025ರ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲವಾಗುತ್ತವೆ ಎಂದು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಮತ್ತು ಯುನೆಸ್ಕೊ 2019ರಲ್ಲೇ ಎಚ್ಚರಿಸಿದ್ದವು. ಬ್ರಿಟಿಷ್ ಲೈಬ್ರರಿಯ ಯೋಜನೆಯ ಒಂದು ಷರತ್ತು ಈ ಮಟ್ಟಿಗೆ ಮಾದರಿ: ಮೂಲ ಸಾಮಗ್ರಿ ದೇಶ ಬಿಟ್ಟು ಹೋಗುವಂತಿಲ್ಲ, ಡಿಜಿಟಲ್ ಪ್ರತಿ ಅಲ್ಲೂ ಇರಬೇಕು. ಅದರಂತೆ ಲಂಡನ್ನಿಗೆ ಹೋದದ್ದು ಪ್ರತಿ ಮಾತ್ರ, ರೀಲುಗಳು ಉಳಿದಿರುವುದು ಗಿನಿಯಲ್ಲೇ. ಬಾಲಾಫೋನಿನ ಜುಂಯ್ ಎಷ್ಟಿರಬೇಕೆಂದು ಬಲ್ಲ ವಾದಕರು ಇರುವುದೂ ಅಲ್ಲೇ. ಮುಂದಿನ ಮರುಮುದ್ರಣದ ಗುಂಡಿ ತಿರುಗಿಸುವಾಗ ಅವರಲ್ಲೊಬ್ಬರು ಸ್ಟುಡಿಯೊದಲ್ಲಿ ಪಕ್ಕದ ಕುರ್ಚಿಯಲ್ಲಿರಬೇಕು.