ಹೋಟೆಲ್ ಬಿಲ್ಲಿನಲ್ಲಿ ಅಕ್ಕಿ ಬೇಳೆಯ ಪಾಲು ಎಷ್ಟು?

ಹೋಟೆಲುಗಳಿಗೆ ಅಡುಗೆಮನೆಯ ಲೆಕ್ಕ ಹಾಕಿಕೊಡುವುದು ನನ್ನ ವೃತ್ತಿ. ಒಂದು ಪ್ಲೇಟಿಗೆ ಎಷ್ಟು ಅಕ್ಕಿ, ಎಷ್ಟು ಎಣ್ಣೆ, ಎಷ್ಟು ಗ್ಯಾಸ್ ಅಂತ ಬರೆದಿಟ್ಟ ಮೇಲೆಯೇ ಬೆಲೆ ನಿಗದಿ ಮಾಡುತ್ತೇವೆ. ಹಾಗಾಗಿ ಬೆಂಗಳೂರಿಗೆ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ನನ್ನನ್ನು ಆಗಾಗ ಕೇಳುತ್ತಾರೆ: "ಸರ್, ಮನೇಲಿ ಅಡುಗೆ ಮಾಡ್ಕೊಂಡ್ರೆ ನಿಜವಾಗ್ಲೂ ದುಡ್ಡು ಉಳಿಯುತ್ತಾ?" ಉಳಿಯುತ್ತದೆ. ಆದರೆ ಎಲ್ಲ ಹೊತ್ತಿನ ಊಟದಲ್ಲೂ ಒಂದೇ ಸಮ ಉಳಿಯುವುದಿಲ್ಲ.

ಕೂತು ತಿನ್ನುವ ಸಾಮಾನ್ಯ ಹೋಟೆಲಿನಲ್ಲಿ ನೀವು ಕೊಡುವ 100 ರೂಪಾಯಿಯಲ್ಲಿ ದಿನಸಿ, ತರಕಾರಿ, ಎಣ್ಣೆ, ಹಾಲಿಗೆ ಹೋಗುವುದು ಹೆಚ್ಚುಕಮ್ಮಿ 30ರಿಂದ 35 ರೂಪಾಯಿ. ಉಳಿದದ್ದು ಬಾಡಿಗೆ, ಸಂಬಳ, ಕರೆಂಟು, ಗ್ಯಾಸು, ಮಾಲೀಕರ ಲಾಭ. ಇದರಲ್ಲಿ ಮೋಸ ಏನೂ ಇಲ್ಲ. ಬೆಳಗಿನ ಜಾವ ಎದ್ದು ಒಲೆ ಹಚ್ಚುವವರಿಗೆ ಕೂಲಿ ಸಿಗಲೇಬೇಕು.

ಆಪ್‌ನಲ್ಲಿ ತರಿಸಿದರೆ ಲೆಕ್ಕವೇ ಬೇರೆ. ಆಪ್‌ನವರು ಹೋಟೆಲಿನಿಂದ ಕಮಿಷನ್ ಹಿಡಿಯುತ್ತಾರೆ. ಅದನ್ನು ತುಂಬಿಕೊಳ್ಳಲು ಎಷ್ಟೋ ಹೋಟೆಲಿನವರು ಆಪ್‌ನಲ್ಲಿ ದರವನ್ನೇ ಏರಿಸಿರುತ್ತಾರೆ. ಅದರ ಮೇಲೆ ಪ್ಯಾಕಿಂಗ್, ಡೆಲಿವರಿ, ಶೇ 5 ಜಿಎಸ್‌ಟಿ. ಆಪ್‌ನವರು ಪ್ರತಿ ಆರ್ಡರಿಗೂ ಹಾಕುವ, 2023ರಲ್ಲಿ 2 ರೂಪಾಯಿಯಿಂದ ಶುರುವಾದ ಪ್ಲಾಟ್‌ಫಾರ್ಮ್ ಶುಲ್ಕ ಈಗ 10 ರೂಪಾಯಿ ದಾಟಿದೆ. ರಾತ್ರಿ ಒಂಬತ್ತಕ್ಕೆ ಒಬ್ಬರೇ ಕೂತು ಒಂದು ಪ್ಲೇಟ್ ರೈಸ್ ತರಿಸುತ್ತೀರಲ್ಲ, ತಿಂಗಳ ದುಡ್ಡು ಸೋರುವುದು ಅಲ್ಲೇ. ಮೊದಲು ಆ ಊಟವನ್ನು ಮನೆಯಲ್ಲೇ ಮಾಡಿಕೊಳ್ಳಿ.

ಬೆಳಗಿನ ತಿಂಡಿಗೆ ನಾನು ಅಷ್ಟು ಒತ್ತಾಯ ಮಾಡುವುದಿಲ್ಲ. ದರ್ಶಿನಿಗಳಲ್ಲಿ ಜನ ನಿಂತೇ ತಿನ್ನುತ್ತಾರೆ, ಜಾಗ ಕಮ್ಮಿ ಸಾಕು, ವ್ಯಾಪಾರ ಜಾಸ್ತಿ. ಕೊಟ್ಟ ದುಡ್ಡಿನಲ್ಲಿ ದಿನಸಿಯ ಪಾಲು ಅಲ್ಲಿ ದೊಡ್ಡದು. ಒಬ್ಬರಿಗೆ ಎರಡು ಇಡ್ಲಿ, ಅದಕ್ಕೆ ಚಟ್ನಿ, ಸಾಂಬಾರ್ ಅಂತ ಮನೆಯಲ್ಲಿ ಹೊರಟರೆ ಉಳಿಯುವ ದುಡ್ಡಿಗಿಂತ ಹೋಗುವ ಹೊತ್ತೇ ಹೆಚ್ಚು.

ಮನೆಯಲ್ಲಿ ನಾಲ್ಕು ಜನ ಇದ್ದರೆ ಮಾತ್ರ ತಿಂಡಿಯೂ ಲಾಭವೇ. ಒಂದು ಕೆಜಿ ದೋಸೆ ಅಕ್ಕಿ, ಕಾಲು ಕೆಜಿ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೆನೆಸಿ ರುಬ್ಬಿದರೆ 25ರಿಂದ 30 ದೋಸೆ ಆಗುತ್ತದೆ. ತೆಂಗಿನಕಾಯಿಗೆ ಈಗಿರುವ ರೇಟಿನಲ್ಲೂ ಚಟ್ನಿ, ಎಣ್ಣೆ, ಗ್ಯಾಸ್ ಎಲ್ಲ ಸೇರಿ ಒಂದು ದೋಸೆ ಹತ್ತು ರೂಪಾಯಿ ಆಸುಪಾಸಿಗೆ ಬೀಳುತ್ತದೆ. ರುಬ್ಬಲು ಆಗದವರು ಅಂಗಡಿಯ ಹಿಟ್ಟಿನ ಪ್ಯಾಕೆಟ್ ತಂದರೂ ಹೋಟೆಲಿಗಿಂತ ಅಗ್ಗ.

ಇಷ್ಟಾದರೂ ಕೆಲವರು ತಿಂಗಳ ಕೊನೆಗೆ "ಏನೂ ಉಳಿದಿಲ್ಲ" ಅನ್ನುತ್ತಾರೆ. ಅವರ ಫ್ರಿಜ್ಜು ತೆಗೆದು ನೋಡಿದರೆ ಕಾರಣ ಕಾಣುತ್ತದೆ. ಕೊಳೆತ ಕೊತ್ತಂಬರಿ ಕಟ್ಟು, ಬಾಡಿದ ಬೀನ್ಸ್, ಒಮ್ಮೆ ಬಳಸಿ ಬಿಟ್ಟ ಸಾಸ್ ಬಾಟಲಿ. ಹೋಟೆಲ್ ನಮಗಿಂತ ಜಾಣ ಆಗಿರುವುದು ಇಲ್ಲೇ. ಅಲ್ಲಿ ಮೊದಲು ಬಂದ ಸಾಮಾನು ಮೊದಲು ಖರ್ಚಾಗಬೇಕು. ಹೊಸ ತರಕಾರಿ ಹಿಂದೆ, ಹಳೆಯದು ಮುಂದೆ. ಅಕ್ಕಿಯನ್ನು ಕಣ್ಣಂದಾಜಿನಲ್ಲಿ ಹಾಕುವುದಿಲ್ಲ, ಲೋಟದಲ್ಲಿ ಅಳೆಯುತ್ತಾರೆ. ಒಬ್ಬರ ಒಂದು ಹೊತ್ತಿಗೆ 100 ಗ್ರಾಂ ಅಕ್ಕಿ ಸಾಕು. ಇನ್ನೊಂದು, ಒಮ್ಮೆ ಬೇಯಿಸಿದ್ದು ಎರಡು ಅಡುಗೆಗೆ ಬರಬೇಕು. ಭಾನುವಾರ ತೊಗರಿಬೇಳೆ ಬೇಯಿಸಿದರೆ ಅವತ್ತು ತಿಳಿಸಾರು, ಉಳಿದ ಬೇಳೆ ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ನುಗ್ಗೆಕಾಯಿ ಹುಳಿ. ಸಾರಿನ ಪುಡಿ, ಹುಳಿಪುಡಿ ಒಮ್ಮೆ ಮಾಡಿಟ್ಟರೆ ಎರಡಕ್ಕೂ ಹತ್ತು ನಿಮಿಷ ಸಾಕು. ಸುಸ್ತಾಗಿ ಬಂದ ರಾತ್ರಿ ಕೈ ಫೋನಿನ ಕಡೆ ಹೋಗದಂತೆ ತಡೆಯುವುದು ಆ ಬೆಂದ ಬೇಳೆಯೇ, ನಂಬಿ.

ವಾರಕ್ಕೆ ಮೂರೇ ತರಕಾರಿ ತನ್ನಿ. ಹಾಪ್‌ಕಾಮ್ಸ್ (ತೋಟಗಾರಿಕೆ ಬೆಳೆಗಾರರ ಸಹಕಾರ ಸಂಘ) ಮಳಿಗೆಯ ದರದ ಬೋರ್ಡ್ ಓದಿ, ಅವತ್ತು ಯಾವುದು ಅಗ್ಗವೋ ಅದರ ಅಡುಗೆ ಯೋಚಿಸಿ. ಮೊದಲೇ ಅಡುಗೆ ಗೊತ್ತುಮಾಡಿಕೊಂಡು ಹೋದರೆ ದುಬಾರಿ ಟೊಮೆಟೊ ಕೊಳ್ಳಲೇಬೇಕಾಗುತ್ತದೆ. ಟೊಮೆಟೊ ರೇಟು ಏರಿದ ವಾರ ಹುಣಸೆಹಣ್ಣಿನ ಸಾರು ಮಾಡಿದರಾಯಿತು, ಅಲ್ವಾ?

ಪಿಜಿಯಲ್ಲಿದ್ದು ಒಲೆ ಹಚ್ಚಲು ಅವಕಾಶವೇ ಇಲ್ಲದವರಿಗೆ ಇದೆಲ್ಲ ಆಗದು. ಅವರು ಆಪ್‌ನಲ್ಲಿ ತರಿಸುವ ಅದೇ ಹೋಟೆಲಿಗೆ ನಡೆದು ಹೋಗಿ ತಿಂದು ಬರಲಿ. ಡೆಲಿವರಿ, ಪ್ಯಾಕಿಂಗ್, ಪ್ಲಾಟ್‌ಫಾರ್ಮ್ ಶುಲ್ಕ ಮೂರೂ ಉಳಿಯುತ್ತವೆ, ಅನ್ನವೂ ಬಿಸಿಯಾಗಿ ಸಿಗುತ್ತದೆ.